ಹಾಲಿನಂಥ ಔಷಧಿ, ನೀರಿನಂಥ ಔಷಧಿ ಮತ್ತು ಅಜ್ಜನ ಪೂಜೆ

ಅಜ್ಜಾ,

ನಾನು ಪೆನ್ನು ಹಿಡಿದು ಕೂತಿದ್ದನ್ನು ನೋಡಿದರೆ ನೀನು ನಗುತ್ತೀಯ. ಪಿಯುಸಿ ಎರಡನೇ ವರ್ಷದ ಅರ್ಧಕ್ಕೆ ಕಾಲೇಜು ಬಿಟ್ಟು ಬಂದ ದಿನ ಮನೆಯಲ್ಲಿ ಎಲ್ಲರೂ ಬೈದರು. ನೀನು ಮಾತ್ರ, "ಪೆನ್ನು ಕಂಡ್ರೆ ಓಡ್ತಾನೆ. ಏನ್ ಹಿಡಿದ್ರೆ ನಿಲ್ತಾನೋ ನೋಡಾಣ ಬಿಡ್ರಿ" ಅಂದಿದ್ದೆ. ಆಮೇಲೆ ಮೊಬೈಲ್ ಅಂಗಡಿ, ಟ್ರ್ಯಾಕ್ಟರ್ ಶೋರೂಂ, ಲಗೇಜ್ ಆಟೋ... ಯಾವುದರಲ್ಲೂ ನಿಲ್ಲಲಿಲ್ಲ. ಕೊನೆಗೆ ನಿಂತಿದ್ದು ನಿನ್ನ ಇನ್ಸುಲಿನ್ ಸೂಜಿ ಹಿಡಿದು. ಇವತ್ತು ಬರೆಯುತ್ತಿರುವುದು ಗಂಗತ್ತೆಗಾಗಿ. ಸೊರಬದಲ್ಲಿರುವ ನಿನ್ನ ಒಬ್ಬಳೇ ಮಗಳ ಜೀವದ ವಿಷಯ ಇದು. ಅದನ್ನು ಹೇಳಬೇಕಾದರೆ, ನೀನು ಯಾರಿಗೂ ಹೇಳಬೇಡ ಎಂದಿದ್ದ ಮಾತನ್ನು ನಾನು ಎಲ್ಲರೆದುರು ಹೇಳಿದ್ದನ್ನೂ ಹೇಳಬೇಕು. ಬೈಯುವುದಾದರೆ ಪೂರ್ತಿ ಓದಿ ಬೈ.

ನಿನ್ನ ಕೈ ನಡುಗಲು ಶುರುವಾದ ಚಳಿಗಾಲ ನೆನಪಿದೆಯಾ? ಸಿರಿಂಜಿಗೆ ಔಷಧಿ ಎಳೆಯುವಾಗ ಒಮ್ಮೆ ಗೆರೆ ದಾಟುತ್ತಿತ್ತು, ಒಮ್ಮೆ ಗೆರೆ ಮುಟ್ಟುತ್ತಲೇ ಇರಲಿಲ್ಲ. "ಬಾರಲೇ ಇಲ್ಲಿ, ಕೆಲ್ಸ ಇಲ್ದೋನೆ" ಎಂದು ನನ್ನನ್ನು ಕರೆದೆ. ಅವತ್ತಿನಿಂದ ಆ ಕೆಲಸ ನನ್ನದಾಯಿತು. ಬೆಳಿಗ್ಗೆ ಪೂಜೆ ಮುಗಿದ ಮೇಲೆ ತಿಂಡಿಗೆ ಮುಂಚೆ ಒಂದು, ರಾತ್ರಿ ಮಲಗುವಾಗ ಒಂದು. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿರುತ್ತಿತ್ತು. ಎರಡು ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಉರುಳಿಸಿದರೆ ಹಾಲಿನಂತಾಗುತ್ತಿತ್ತು. ನಾವು ಅದನ್ನು ಹಾಲಿನ ಬಾಟಲಿ ಎಂದೇ ಕರೆಯುತ್ತಿದ್ದೆವು. ನಾನು ಚುಚ್ಚಿದ ಮೇಲೆ ಪ್ರತಿ ಸಲವೂ ನೀನು, "ಹಾಕಿದ್ಯಾ? ಗೊತ್ತೇ ಆಗ್ಲಿಲ್ಲಲ್ಲೋ" ಅನ್ನುತ್ತಿದ್ದೆ. ನಿನಗೆ ಗೊತ್ತಾಗುತ್ತಿತ್ತು. ಆದರೂ ಅನ್ನುತ್ತಿದ್ದೆ. ಆ ವರ್ಷ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ ಅಂತ ಇರಬೇಕು...

ನೀನು ಪೂಜೆಗೆ ಕೂತಾಗ ಮನೆ ಹೇಗಿರುತ್ತಿತ್ತು! ಟಿವಿ ಇಲ್ಲ, ಮಿಕ್ಸಿ ಇಲ್ಲ, ಅಪ್ಪನ ಫೋನ್ ಕೂಡ ಅಂಗಳಕ್ಕೆ ಹೋಗುತ್ತಿತ್ತು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದರ ಮೇಲೇ ಕಣ್ಣು ನೆಟ್ಟು ಕೂತರೆ ಏಳುವುದು ನಿನಗೆ ತೋಚಿದಾಗ. ಅಲ್ಲಿಯವರೆಗೆ ಒಂದು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಲಿಂಗ ಕಟ್ಟಿಸಿಕೊಂಡ ದಿನದಿಂದ ತಪ್ಪಿಸಿದವನಲ್ಲ ನೀನು. ಪೂಜೆ ಮುಗಿಯುವ ಹೊತ್ತಿಗೆ ಮೈ ಬೆವರುತ್ತಿತ್ತು, ತುಟಿ ಅದುರುತ್ತಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಅಜ್ಜಿ ಬಾಗಿಲಲ್ಲೇ ನಿಂತು ಕೈ ಮುಗಿಯುತ್ತಿದ್ದಳು. ಪಕ್ಕದ ಮನೆಯ ರುದ್ರಣ್ಣ ಒಂದು ದಿನ ಅದನ್ನು ನೋಡಿದ್ದೇ ತಡ, ಶಿಕಾರಿಪುರದ ಅರ್ಧ ಊರಿಗೆ ಸುದ್ದಿಯಾಯಿತು. "ಯಜಮಾನ್ರು ಪೂಜೆಗೆ ಕುಂತ್ರೆ ಮೈಮೇಲೆ ಎಚ್ರ ಇರಲ್ಲ ಕಣ್ರೀ. ಶಿವನ ಹತ್ರನೇ ಹೋಗ್ಬಿಡ್ತಾರೆ." ಅವನು ಹೀಗೆ ಹೇಳುವಾಗ ನೀನು ಬೇಡವೆನ್ನುತ್ತಿರಲಿಲ್ಲ. ಹೌದೆಂದೂ ಅನ್ನುತ್ತಿರಲಿಲ್ಲ.

ಆ ಸೋಮವಾರ ಮಾತ್ರ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಲ್ವಪತ್ರೆ ಬುಟ್ಟಿ ತುಂಬ ಬಂದಿತ್ತು, ಪೂಜೆ ಉದ್ದವಾಯಿತು. ಹೊರಗೆ ಕಂಬಳಿ ಹೊದ್ದು ಕೂರುವಂಥ ಚಳಿ, ನಿನ್ನ ಬೆನ್ನ ಮೇಲೆ ನೀರು ಸುರಿದಂತೆ ಬೆವರು. ಬಾಗಿಲಿಂದ ನೋಡಿದರೆ ನಿನ್ನ ಅಂಗೈ ಮೆಲ್ಲಗೆ ವಾಲುತ್ತಿತ್ತು.

"ಅಜ್ಜೀ, ಅಜ್ಜಂಗೆ ಶುಗರ್ ಇಳಿದೈತೆ."

"ಬಾಯ್ಮುಚ್ಚೋ. ಪೂಜೆಗೆ ಕುಂತೋರನ್ನ ಮುಟ್ಟಬ್ಯಾಡ. ನಿಂಗೇನ್ ತಿಳಿತೈತೆ?"

"ಲಿಂಗ ಬೀಳ್ತೈತೆ ಅಜ್ಜೀ!"

ಆ ಮಾತಿಗೆ ಅವಳೇ ನನಗಿಂತ ಮುಂಚೆ ಓಡಿದಳು. ನಾನು ನಿನ್ನ ಅಂಗೈಯನ್ನು ಕೆಳಗಿನಿಂದ ಹಿಡಿದುಕೊಂಡೆ, ಅವಳು ನಿನ್ನ ಬೆನ್ನಿಗೆ ಆನಿಕೆಯಾದಳು. ನೈವೇದ್ಯಕ್ಕಿಟ್ಟ ಸಕ್ಕರೆಯನ್ನೇ ನೀರಿಗೆ ಬೆರೆಸಿ "ನುಂಗು ಅಜ್ಜ, ನುಂಗು" ಅಂದೆ. ಪುಣ್ಯಕ್ಕೆ ನುಂಗಿದೆ. ಶುಗರ್ ನೋಡುವ ಮಿಷನ್ನಿನಲ್ಲಿ ನೋಡಿದರೆ ಐವತ್ತೂ ಇರಲಿಲ್ಲ. ಎಚ್ಚರ ಪೂರ್ತಿ ಬಂದ ಮೇಲೆ ಅಜ್ಜಿ ಅಳುತ್ತ, "ನೈವೇದ್ಯ ಆಗೋದ್ರೊಳಗೇ ಎಂಜಲು ಮಾಡ್ಬಿಟ್ಟ" ಎಂದು ನನ್ನ ಮೇಲೆ ದೂರು ಹೇಳಿದಳು. ನೀನು ನಾಲಿಗೆಯಿಂದ ತುಟಿ ಸವರಿಕೊಂಡು, "ಪ್ರಸಾದ ಒಂಚೂರು ಬೇಗ ಬಂತು ಅಷ್ಟೇ ಕಣೇ, ಬಿಡು" ಅಂದೆ.

ಡಾಕ್ಟರಮ್ಮನ ಮುಂದೆ ನಾವು ಮೂವರು ಕೂತಿದ್ದು ನಿನಗೆ ಮರೆತಿರಲಾರದು. ನೀನು, ಅಪ್ಪ, ನಾನು. ಅವರು ಸಮಾಧಾನದಿಂದಲೇ, "ಪೂಜೆಗೆ ಮುಂಚೆ ಒಂದು ಲೋಟ ಹಾಲು, ಎರಡು ಬಿಸ್ಕತ್ತು ತಗೊಳ್ಳಿ ಅಜ್ಜ" ಅಂದರು.

"ಆಗ್ಲಿ ತಾಯಿ."

"ಸುಳ್ಳು ಮೇಡಂ," ಅಂದೆ ನಾನು. "ಇವ್ರು ತಿನ್ನಲ್ಲ. ನಿಮ್ಮ ಮುಂದೆ ಆಗ್ಲಿ ಅಂತಾರೆ ಅಷ್ಟೇ."

ನೀನು ಮೇಜಿನ ಕೆಳಗೆ ನನ್ನ ಕಾಲು ತುಳಿದೆ. ಅಪ್ಪನಿಗೆ ಸಿಟ್ಟು ಬಂತು. "ಹಂಗಾದ್ರೆ ಪೂಜೆನೇ ಬಿಡ್ಸಿ ಮೇಡಂ. ನೀವು ಹೇಳಿದ್ರೆ ಕೇಳ್ತಾರೆ." ಆಗ ನಿನ್ನ ಮುಖ ನೋಡಿದೆ. ಶಾಲೆಯಿಂದ ಹೆಸರು ಹೊಡೆದು ಹಾಕಿಸಿಕೊಂಡ ಹುಡುಗನ ಮುಖ ಹಾಗಿರುತ್ತದೆ, ನನಗೆ ಗೊತ್ತು. ಡಾಕ್ಟರಮ್ಮನೂ ನೋಡಿರಬೇಕು. ಬಿಡಿ ಎನ್ನಲಿಲ್ಲ. ಪೂಜೆಗೆ ಎಷ್ಟೊತ್ತಿಗೆ ಕೂರುತ್ತೀರಿ, ಎಷ್ಟೊತ್ತಿಗೆ ಏಳುತ್ತೀರಿ, ರಾತ್ರಿ ಸೂಜಿ ಯಾವಾಗ ಎಂದು ಒಂದೊಂದೇ ಕೇಳಿದರು. ಆಮೇಲೆ ಗಾಳಿಯಲ್ಲಿ ಕೈಯಿಂದ ಒಂದು ಗುಡ್ಡ ಬರೆದರು. "ಈ ಬಿಳಿ ಇನ್ಸುಲಿನ್ ಹಾಕಿದ ಕೆಲವು ಗಂಟೆ ಮೇಲೆ ಜೋರಾಗುತ್ತೆ, ಆಮೇಲೆ ಇಳಿಯುತ್ತೆ. ನಿಮಗೆ ಆ ಜೋರು ಬೆಳಗಿನ ಜಾವ ಬರ್ತಾ ಇದೆ. ಹೊಟ್ಟೇಲಿ ಏನೂ ಇಲ್ಲ, ಮೇಲಿಂದ ಅಷ್ಟು ಹೊತ್ತು ಪೂಜೆ." ಮತ್ತೆ ಅದೇ ಕೈಯನ್ನು ಮೇಜಿನ ಮೇಲೆ ಸಮವಾಗಿ ಎಳೆದರು. "ಗ್ಲಾರ್ಜಿನ್ ಅಂತ ಇನ್ನೊಂದಿದೆ. ದಿನಕ್ಕೆ ಒಂದೇ ಸಲ, ದಿನಾ ಒಂದೇ ಹೊತ್ತಿಗೆ. ಹೆಚ್ಚುಕಡಿಮೆ ಒಂದು ಇಡೀ ದಿನ ಸಮ ಹೋಗುತ್ತೆ."

"ಅದು ಶುಗರ್ ಜಾಸ್ತಿ ಇಳಿಸ್ತೈತಾ?" ಅಪ್ಪ ಕೇಳಿದ.

"ಇಳಿಸೋದ್ರಲ್ಲಿ ಎರಡೂ ಸುಮಾರು ಒಂದೇ. ಹೀಗೆ ಏಕಾಏಕಿ ಪಾತಾಳಕ್ಕೆ ಹೋಗೋದು ಇದರಲ್ಲಿ ಕಡಿಮೆ. ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಬೆಲೆ ಮಾತ್ರ ಇದರದ್ದು ಜಾಸ್ತಿ."

ನೀನು ಗಡ್ಡ ಕೆರೆದುಕೊಂಡೆ. "ಅಂದ್ರೆ ಹಳೇದು ತೂಬು ಪೂರ್ತಿ ಎತ್ತಿದಂಗೆ. ನುಗ್ಗಿ ಬಂದು ಗದ್ದೆ ಬದುನೇ ಒಡೀತೈತೆ. ಹೊಸದು ಅಂಜನಾಪುರದ ಕಾಲುವೆ ಹದವಾಗಿ ಹರಿದಂಗೆ." ಡಾಕ್ಟರಮ್ಮ ನಕ್ಕು, ಹಾಗೇ ಅಂದುಕೊಳ್ಳಿ ಅಂದರು. ಆದರೆ ಒಂದು ಕರಾರು ಹಾಕಿದರು: ಪೂಜೆಗೆ ಕೂರುವ ಮುಂಚೆ ರಕ್ತ ನೋಡಬೇಕು, ಕಡಿಮೆ ಇದ್ದರೆ ಅವತ್ತು ಮೊದಲು ಬಾಯಿಗೆ ಏನಾದರೂ ಬೀಳಲೇಬೇಕು, ಪೂಜೆಯ ನಡುವೆ ಬೆವರಿದರೂ ಅಷ್ಟೇ. "ರಕ್ತ ತೆಗೆದು ಪೂಜೆಗೆ ಕೂರೋದಾ?" ಎಂದು ದಾರಿಯುದ್ದಕ್ಕೂ ಗೊಣಗಿದೆ. ಮನೆ ಮುಟ್ಟುವಷ್ಟರಲ್ಲಿ ನೀನೇ ದಾರಿ ಹುಡುಕಿದ್ದೆ. "ಸ್ನಾನಕ್ಕೆ ಮುಂಚೆ ತೆಗಿ. ಆಮೇಲೆ ಮೈ ತೊಳ್ಕೊಂಡ್ರೆ ಆತು."

ಹೊಸ ಔಷಧಿಯ ಮೊದಲ ದಿನ ನೀನು ಅದನ್ನು ಬೆಳಕಿಗೆ ಹಿಡಿದು ನೋಡಿದ ಚಂದ! "ನೀರಿನಂಗೈತಲ್ಲೋ. ಇದ್ರಾಗೇನು ಕಸುವಿರ್ತೈತೆ? ಅಂಗಡಿಯೋನು ನೀರು ತುಂಬಿ ಕೊಟ್ಟಾನೇನು?" ಎನ್ನುತ್ತಲೇ ಅಂಗೈ ನಡುವೆ ಇಟ್ಟು ಉರುಳಿಸತೊಡಗಿದೆ. ಇದಕ್ಕೆ ಅದು ಬೇಕಿಲ್ಲ, ತಳದಲ್ಲಿ ಏನೂ ಕೂತಿರುವುದಿಲ್ಲ ಎಂದು ಎಷ್ಟು ಹೇಳಿದರೂ ಕೈ ಕೇಳಲಿಲ್ಲ. ಮೊದಮೊದಲು ಬೆಳಗಿನ ಶುಗರ್ ಮೇಲೆಯೇ ಇತ್ತು. "ನೀರಿಗೆ ದುಡ್ಡು ಕೊಟ್ಟಂಗಾತು, ಹಾಲಿಂದೇ ಹಾಕ್ರಿ" ಎಂದು ಅಪ್ಪ ಕೂಗಾಡಿದ. ಡಾಕ್ಟರಮ್ಮ ಡೋಸನ್ನು ಇಷ್ಟಿಷ್ಟೇ ಏರಿಸುತ್ತ ಹೋದರು, ಅವಸರ ಮಾಡಲಿಲ್ಲ. ನೀನೂ ಮಾಡಲಿಲ್ಲ. ಅವಸರವೆಲ್ಲ ನನ್ನದು. ದಿನಾ ಬೆಳಿಗ್ಗೆ ಮಿಷನ್ನಿನ ಅಂಕಿ ಬರುವವರೆಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಮೇಲೆ ಆ ಬೆಳಿಗ್ಗೆ ಬಂತು. ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಹಾಕಿಕೊಂಡು, ನನ್ನನ್ನು ಒಳಗೆ ಕರೆದೆ. ಮೈ ಒಣಗಿತ್ತು. ಕಣ್ಣು ಮಾತ್ರ ಒದ್ದೆ.

"ಇವತ್ತು ಲಿಂಗ ಕಾಣ್ತು ಕಣಲೇ."

"ದಿನಾ ಕಾಣಲ್ವಾ?"

"ಇಲ್ಲ. ಕೊನೆಕೊನೆಗೆ ಮಬ್ಬಾಗ್ತಿತ್ತು. ಏನೂ ಗೊತ್ತಾಗ್ತಿರ್ಲಿಲ್ಲ. ಜನ ಅದನ್ನ ದೊಡ್ಡದು ಅಂದ್ರು. ನಾನೂ..." ಅಲ್ಲಿಗೆ ನಿಲ್ಲಿಸಿದೆ. ಕಣ್ಣು ಒರೆಸಿಕೊಂಡು ಮಾತು ಮುಗಿಸಿದೆ. "ನಾನೂ ಹಂಗೇ ಇರ್ಬೇಕು ಅಂದ್ಕೊಂಡಿದ್ದೆ. ಇವತ್ತು ಮೊದ್ಲಿಂದ ಕೊನೇತನಕ ನಾನು ಅಲ್ಲೇ ಇದ್ದೆ. ಯಾರಿಗೂ ಹೇಳ್ಬ್ಯಾಡ, ತಿಳೀತಾ?"

ನಾನು ಹೂಂ ಅನ್ನಲಿಲ್ಲ ಅಜ್ಜ. ನೆನಪು ಮಾಡಿಕೋ. ಊಹೂಂ ಅಂತಲೂ ಅನ್ನಲಿಲ್ಲ, ಆದರೆ ಹೂಂ ಅನ್ನಲಿಲ್ಲ.

ಸೊರಬಕ್ಕೆ ಅತ್ತೆಯ ಮನೆಗೆ ಹೋಗಿ ಬಸ್ಸು ತಪ್ಪಿಸಿಕೊಂಡೆವಲ್ಲ, ದೀಪ ಹಚ್ಚುವ ಹೊತ್ತಿಗೆ ಹಾಕುತ್ತಿದ್ದ ಆ ಹೊಸ ಸೂಜಿ ತಡವಾಗಿ ನಾನು ಗಾಬರಿಯಾಗಿದ್ದೆ. ಮುಂದಿನ ಸಲ ಡಾಕ್ಟರಮ್ಮನನ್ನು ಕೇಳಿದಾಗ ಮೂರನೆಯದೊಂದರ ಹೆಸರು ಹೇಳಿದರು, ಡೆಗ್ಲುಡೆಕ್. ಅದು ಒಂದು ದಿನಕ್ಕಿಂತಲೂ ಹೆಚ್ಚು ಹೊತ್ತು ಮೈಯಲ್ಲಿರುತ್ತದಂತೆ. ದಿನಾ ಹಾಕಲೇಬೇಕು, ಆದರೆ ಹೊತ್ತು ಒಮ್ಮೊಮ್ಮೆ ಆಚೀಚೆಯಾದರೂ ನಡೆಯುತ್ತದಂತೆ. ಡೋಸ್ ಬದಲಾಯಿಸಿದರೆ ಫಲ ಕಾಣಲು ಮಾತ್ರ ಮೂರ್ನಾಲ್ಕು ದಿನ ಕಾಯಬೇಕು. ನಾನು ಅದೇ ಒಳ್ಳೆಯದು ಎಂದು ಹಟ ಹಿಡಿದೆ. ಹೊಸದು ಬಂದರೆ ಹಳೆಯದನ್ನು ಬಿಡುವುದು ನನ್ನ ಗುಣ. ನೀನು ಒಪ್ಪಲಿಲ್ಲ. "ಪೂಜೆ ಹೊತ್ತು ತಪ್ಪಿಸದೋನು ಸೂಜಿ ಹೊತ್ತು ತಪ್ಪಿಸ್ತೀನೇನು? ನಂಗೆ ಇದು ಹೊಂದೈತೆ. ಹೊಂದಿದ್ದನ್ನ ಕೆಡಿಸ್ಬ್ಯಾಡ." ಯಾವ ಔಷಧಿ ದೊಡ್ಡದು ಎಂದು ನಾನು ಕೇಳುತ್ತಿದ್ದೆ. ಯಾವುದು ಯಾರ ದಿನಕ್ಕೆ ಹೊಂದುತ್ತದೆ ಎಂದು ಕೇಳಬೇಕಿತ್ತು, ಅಲ್ವಾ?

ನೀನು ಹೊರಟ ಮಧ್ಯಾಹ್ನದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಎದೆ ಹಿಡಿದುಕೊಂಡು ಕೂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಗಾಡಿಯಲ್ಲೇ ನಾನು ನಿನ್ನ ಬೆರಳು ಚುಚ್ಚಿ ಶುಗರ್ ನೋಡಿದೆ. ಸರಿ ಇತ್ತು ಅಜ್ಜ. ಅದೊಂದು ಸರಿ ಇದ್ದರೆ ಎಲ್ಲ ಸರಿ ಇರುತ್ತದೆ ಅಂದುಕೊಂಡಿದ್ದೆನಲ್ಲ ನಾನು...

ನೀನು ಹೋಗಿ ವರ್ಷ ತುಂಬಿದಾಗ ಮಾಡಿದ ಶಿವಗಣಾರಾಧನೆಯ ದಿನ ಹಿತ್ತಲಲ್ಲಿ ಅತ್ತೆ ತೆಂಗಿನಕಾಯಿ ತುರಿಯುತ್ತ ಕೂತಿದ್ದಳು. ನಾನು ಕಾಯಿ ಒಡೆದು ಕೊಡುತ್ತಿದ್ದೆ. ಅವಳಿಗೂ ಸಕ್ಕರೆ ಕಾಯಿಲೆ ಇದ್ದದ್ದು ನಿನಗೆ ಗೊತ್ತಿತ್ತು. ನೀನು ಹೋದ ಮೇಲೆ ಅದು ಜಾಸ್ತಿಯಾಗಿ ಇನ್ಸುಲಿನ್ ಶುರುವಾಗಿದ್ದು ಗೊತ್ತಿಲ್ಲ. ಹಾಲಿನದ್ದೇ, ರಾತ್ರಿ ಹಾಕಿಕೊಳ್ಳುವುದು. ನಿನ್ನ ಹಾಗೆಯೇ ಪೂಜೆ ಮುಗಿಯುವವರೆಗೆ ನೀರೂ ಮುಟ್ಟುವುದಿಲ್ಲ ಎಂದು ಅವಳು ಪಟ್ಟು ಹಿಡಿದಿದ್ದೂ ಆ ದಿನಗಳಲ್ಲೇ. ತುರಿಯುವುದನ್ನು ನಿಲ್ಲಿಸಿ, ಗುಟ್ಟು ಹೇಳುವ ಹಾಗೆ ಹತ್ತಿರ ಸರಿದಳು.

"ವೀರೂ, ನಂಗೂ ಅಪ್ಪಂಗೆ ಆಗ್ತಿದ್ದಂಗೆ ಆಗ್ತೈತೆ ಕಣೋ. ಪೂಜೆ ಮಾಡ್ತಾ ಮಾಡ್ತಾ ಮೈಯೆಲ್ಲ ಬೆವರ್ತೈತೆ. ಎಲ್ಲಿದೀನಿ ಅಂತ ಗೊತ್ತಾಗಲ್ಲ. ಆವಾಗ ಅಪ್ಪ ಎದುರಿಗೆ ಬಂದು ಕುಂತಂಗೆ ಕಾಣ್ತಾನೆ."

ಅವಳ ಮುಖದಲ್ಲಿ ಎಂಥ ಖುಷಿ ಇತ್ತು ಗೊತ್ತಾ? ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಅತ್ತೆ, ಅದು ಶುಗರ್ ಇಳಿಯೋದು. ಅಜ್ಜಂಗೂ ಅದೇ ಆಗ್ತಿದ್ದಿದ್ದು" ಅಂದೆ. ಖುಷಿ ಆರಿಹೋಯಿತು. "ನಿಂಗೆ ದೇವ್ರೂ ಇಲ್ಲ ದಿಂಡ್ರೂ ಇಲ್ಲ. ಸತ್ತ ಅಜ್ಜನ ಮೇಲೂ ಗೌರವ ಇಲ್ಲ" ಎಂದು ತುರಿಮಣೆ ಸರಿಸಿ ಎದ್ದಳು.

ಅಂಗಳದಲ್ಲಿ ಮಠದ ಅಯ್ಯನವರು ಎರಡು ಮಾತಾಡಿದರು. ರುದ್ರಣ್ಣ ಎದ್ದು, "ನಾನೇ ಕಣ್ಣಾರೆ ನೋಡೀನ್ರೀ, ಬೆವರು ಇಳೀತಿತ್ತು, ಕರೆದ್ರೆ ಮಾತಿಲ್ಲ, ಅಂಥ ಪೂಜೆ" ಅಂದ. ಹೆಂಗಸರ ಸಾಲಿನ ಮುಂದೆಯೇ ಅತ್ತೆ ಕೂತಿದ್ದಳು. ಒಂದೊಂದು ಮಾತಿಗೂ ತಲೆದೂಗುತ್ತಿದ್ದಳು. ಇನ್ನು ಇವಳನ್ನು ಯಾರು ಎಬ್ಬಿಸುತ್ತಾರೆ ಅನ್ನಿಸಿತು. ಬೆವರಿದಷ್ಟೂ ಒಳ್ಳೆಯದು ಅಂದುಕೊಂಡು ಕೂತಿರುತ್ತಾಳೆ, ಮನೆಯವರು ಕೈ ಮುಗಿದು ನಿಂತಿರುತ್ತಾರೆ. ಎದ್ದು ನಿಂತೆ. ಅಪ್ಪ ನನ್ನ ಅಂಗಿ ಹಿಡಿದು ಎಳೆದ. ಆದರೂ ಹೇಳಿದೆ: "ಅದು ಭಕ್ತಿ ಅಲ್ಲ ರುದ್ರಣ್ಣ, ಶುಗರ್ ಇಳಿದಿದ್ದು. ಅವತ್ತು ಒಂದ್ ಗಳಿಗೆ ತಡ ಆಗಿದ್ರೆ ಪೂಜೆ ಮೇಲೇ ಹೋಗಿರೋರು. ಅಜ್ಜ ನಿಜವಾಗ್ಲೂ ಪೂಜೆ ಮಾಡಿದ್ದು ಔಷಧಿ ಬದಲಾದ್ಮೇಲೆ. ಮೊದ್ಲಿಂದ ಕೊನೇತನಕ ಅಲ್ಲೇ ಇದ್ದೆ ಅಂತ ನಂಗೆ ಹೇಳಿದ್ರು. ಅವರು ಇಲ್ದೇ ಇದ್ದ ದಿನಗಳನ್ನ ನೀವು ಹೊಗಳ್ತಾ ಇದೀರಿ."

ಅಯ್ಯನವರು ನನ್ನನ್ನೇ ನೋಡಿ, "ಕೂತ್ಕೋ ತಮ್ಮ" ಅಂದರು, ಅಷ್ಟೇ. ಊಟದ ಪಂಕ್ತಿಯಲ್ಲಿ ನಾನು ಪಲ್ಯ ಬಡಿಸುತ್ತ ಹೋದರೆ ಒಬ್ಬ ಮುದುಕ ಸೌಟು ಹಿಡಿದು ನಿಲ್ಲಿಸಿದ. "ತಮ್ಮಾ, ನಂಗೂ ಬೆಳಿಗ್ಗೆ ಬೆವರತೈತೆ. ಅದು ಭಕ್ತಿನೋ ಶುಗರ್ರೋ?" ಪಕ್ಕದವನು, "ನೀ ಎಂದು ಪೂಜೆ ಮಾಡೀಯಾ? ಶುಗರ್ರೇ ಅದು" ಅಂದ. ಪಂಕ್ತಿ ನಕ್ಕಿತು. ಅತ್ತೆ ನಗಲಿಲ್ಲ. ನನಗೆ ಹೇಳದೆಯೇ ಸೊರಬದ ಬಸ್ಸು ಹತ್ತಿದಳು.

ಮಾವನ ಫೋನ್ ಬಂದಾಗ ನಾನು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದೆ. "ಮಾರಾಯ, ನಿಮ್ಮತ್ತೆ ಪೂಜೆಗೆ ಕೂತಲ್ಲೇ ಗೋಡೆಗೆ ಒರಗಿದ್ಲು. ನೀ ಅವತ್ತು ಆಡಿದ ಮಾತು ನೆನಪಾಯ್ತು ನೋಡು. ಇಲ್ದಿದ್ರೆ ನಾನೂ ಕೈ ಮುಗಿದು ನಿಂತಿರ್ತಿದ್ದೆ. ಸಕ್ಕರೆ ನೀರು ಕುಡಿಸ್ದೆ, ಎದ್ಲು." ಅತ್ತೆಯನ್ನು ನಮ್ಮ ಡಾಕ್ಟರಮ್ಮನ ಹತ್ತಿರವೇ ಕರೆತಂದೆವು. ಅವಳದು ನಿನ್ನಂಥ ಗಡಿಯಾರದ ದಿನಚರಿಯಲ್ಲ. ಸಂಘದ ಮೀಟಿಂಗು, ಹೊಲಿಗೆ, ನೆಂಟರ ಮನೆ, ಬಸ್ಸು ಸಿಕ್ಕಿದಾಗ ಮನೆ. ಎಲ್ಲ ಕೇಳಿಕೊಂಡು ಡಾಕ್ಟರಮ್ಮ ಅವಳಿಗೆ ಆ ಮೂರನೆಯದನ್ನು ಬರೆದುಕೊಟ್ಟರು. ಬೆಲೆ ಕೇಳಿ ಮಾವ ಒಮ್ಮೆ ತಲೆ ಕೆರೆದುಕೊಂಡ, ಆಮೇಲೆ ಅತ್ತೆಯ ಕಡೆ ನೋಡಿ, ನನಗೆ ತಗೊಂಡು ಬಾ ಅಂದ. ಪೂಜೆ ಬಿಡು ಎಂದು ಅವಳಿಗೂ ಯಾರೂ ಹೇಳಲಿಲ್ಲ.

ಈ ಸೋಮವಾರ ಮೊದಲ ಬಸ್ಸಿಗೇ ಸೊರಬಕ್ಕೆ ಹೋದೆ. ಅತ್ತೆ ನನ್ನನ್ನು ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಸ್ನಾನಕ್ಕೆ ಮುಂಚೆ ಬೆರಳು ಮುಂದೆ ಮಾಡಿದಳು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತೆ. ಕಾಲು ಅಲ್ಲಾಡಿಸದೆ ಅಷ್ಟು ಹೊತ್ತು ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಹಣೆ ಬೆವರಲಿಲ್ಲ, ಕೈ ವಾಲಲಿಲ್ಲ. ಪೂಜೆ ಮುಗಿಯಿತು. ನನಗೆ ಕೂಗಬೇಕೆನಿಸುವಷ್ಟು ಸಂತೋಷ. ಅವಳು ನೋಡಿದರೆ ಅಲ್ಲೇ ಕೂತು ಅಳುತ್ತಿದ್ದಾಳೆ.

"ಅಪ್ಪ ಬರ್ಲಿಲ್ಲ ಕಣೋ."

"ಅತ್ತೆ, ಅದು ಮಬ್ಬಿನಲ್ಲಿ..."

"ಮಬ್ಬೋ ಎಂಥದೋ. ನಂಗೆ ಕಾಣ್ತಿದ್ನಲ್ಲೋ."

ನಾಳೆ ಬರುತ್ತಾನೆ ಎಂದು ಬೇರೆ ಯಾರಾದರೂ ಹೇಳುತ್ತಿದ್ದರೋ ಏನೋ. ನನ್ನ ಬಾಯಿಂದ ಬರಲಿಲ್ಲ. ಪಕ್ಕದಲ್ಲಿ ಕೂತೆ. ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು, "ನೀನಾದ್ರೂ ಬಂದ್ಯಲ್ಲ. ಏಳು, ರೊಟ್ಟಿ ತಿನ್ನಾಣ" ಅಂದಳು. ಇಬ್ಬರೂ ತಿಂದೆವು. ಇನ್ನು ಪ್ರತಿ ಸೋಮವಾರ ಹೋಗುತ್ತೇನೆ ಎಂದು ಹೇಳಿ ಬಂದಿದ್ದೇನೆ. ನನ್ನ ಮಾತನ್ನು ನಂಬುವುದು ಕಷ್ಟ ಎಂದು ನಿನಗೆ ಗೊತ್ತು, ಆದರೆ ಇದನ್ನು ನಂಬು.

ಅವಳ ಜೀವ ಉಳಿಸಲು ಹೋಗಿ ನಿನ್ನನ್ನು ಅವಳಿಂದ ಎರಡನೇ ಸಲ ಕಿತ್ತುಕೊಂಡೆನಾ ಅಜ್ಜ? ಈ ಪ್ರಶ್ನೆ ನನಗೆ ಕೂರಲು ಬಿಡುತ್ತಿಲ್ಲ. ಬಿಟ್ಟಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಸತ್ತವರು ಬರುತ್ತಾರೆ ಎಂದು ನಂಬುವವನಲ್ಲ ನಾನು. ಆದರೂ ಕೇಳುತ್ತಿದ್ದೇನೆ. ಬರುವ ದಾರಿ ಏನಾದರೂ ಇದ್ದರೆ, ಅತ್ತೆ ಚೆನ್ನಾಗಿರುವಾಗ ಬಾ. ಹೊಲಿಗೆ ಮಿಷನ್ ತುಳಿಯುವಾಗ, ರೊಟ್ಟಿ ಬಡಿಯುವಾಗ, ಮಾವನಿಗೆ ಬೈಯುವಾಗ. ಅವಳ ಮೈ ಬೆವರುವಾಗ ಮಾತ್ರ ಬರಬೇಡ. ಆಗ ನೀನು ಎದುರಿಗೇ ಕೂತಿದ್ದರೂ ನಾನು ಅವಳನ್ನು ಎಬ್ಬಿಸಿಬಿಡುತ್ತೇನೆ.

ನಿನ್ನ
ವೀರು